ಮಾರಲಿಕ್ಕೆ ಬಂದ ಹುಡುಗ

ಹವಲ್ಲಿಯ ನೆಲಮಾಳಿಗೆ. ಅಸರಿನ ಬಾಂಗು ಮುಗಿದು
ಆಗಷ್ಟೇ ಷಟರು ಅರ್ಧ ಎತ್ತಿದ್ದೆ.
ಬಗ್ಗಿ ಒಳಬಂದ, ರೋಕಿ ಮೊಂತೇರೊನ ಕಿರಿಮಗ ಆಲ್ವಿಟೊ.
ಚೀಲವಿಲ್ಲ, ಡಬ್ಬಿಯಿಲ್ಲ. ಮುಷ್ಟಿಯಲ್ಲೊಂದು ಚೀಟಿ.

'ನಲವತ್ಮೂರು ಗೇಮುಂಟು ಅಂಕಲ್. ಎಲ್ಲ ಕೊಡ್ತೇನೆ.
ಶುಕ್ರವಾರ ಫ್ಲೈಟು. ಪಪ್ಪನ ಕಂಪನಿ ಮುಚ್ಚಿತು.'

ಚೀಟಿ ಬಿಡಿಸಿದೆ:
ಒಂದು ಇಮೇಲು, ಕೆಳಗೆ ಪಾಸ್‌ವರ್ಡು,
ಅದರೊಳಗೆ ಊರಲ್ಲಿ ಸತ್ತ ನಾಯಿಯ ಹೆಸರು.

ಇದನ್ನು ಯಾವ ಕಪಾಟಿನಲ್ಲಿಡಲಿ ಮಗಾ?

ನೋಡಿಲ್ಲಿ, ಈ ಫುಟ್‌ಬಾಲಿನ ಡಿಸ್ಕು.
ಅಂಚಿನ ಗೀರು ಸಿರಿಯಾದ ಕ್ಷೌರಿಕನದು.
ಅವನಿಂದ ನನಗೆ, ನನ್ನಿಂದ ಮಂಗಾಫಿನ ಫಿಲಿಪಿನೋ ನರ್ಸಿಗೆ,
ಅವಳ ತಮ್ಮನಿಂದ ತಿರುಗಿ ನನಗೆ.
ಮುಚ್ಚಳದೊಳಗೆ ಮೂರು ಲಿಪಿಯಲ್ಲಿ ಮೂರು ಹೆಸರು,
ಒಂದನ್ನೂ ಯಾರೂ ಹೊಡೆದುಹಾಕಿಲ್ಲ.
ನಾಲ್ಕು ದಿನಾರು ಇದ್ದದ್ದು ಒಂದೂಕಾಲಿಗೆ ಇಳಿದಿದೆ,
ತಿರುಗುವುದನ್ನು ಮಾತ್ರ ಬಿಟ್ಟಿಲ್ಲ.

ನಿನ್ನದು ಹಾಗಲ್ಲ.
ನೀನು ಕೊಂಡದ್ದು ಆಡುವ ಅಪ್ಪಣೆ.
ಗೆಳೆಯನಿಗೆ ಕಡ ಕೊಡುವಂತಿಲ್ಲ, ತಂಗಿಗೆ ಬಿಟ್ಟುಹೋಗುವಂತಿಲ್ಲ,
ಅವರು ಅಂಗಡಿ ಎತ್ತಿದ ದಿನ
ಯಾರ ಬಾಗಿಲು ತಟ್ಟುತ್ತೀ?
ಕೊಟ್ಟವ ಕೋಡಂಗಿ ಅಂತಾರಲ್ಲ, ಅದು ನಾವು.

'ಗುಂಡಿ ಮೇಲೆ ಖರೀದಿಸು ಅಂತಿತ್ತಲ್ಲ ಅಂಕಲ್?'

ಇತ್ತು.
ಅದರ ಕೆಳಗೆ ಇರುವೆಸಾಲಿನಂಥ ಅಕ್ಷರದಲ್ಲಿ
ಇನ್ನೂ ಏನೇನೋ ಇತ್ತು. ನೀನು ಒಪ್ಪಿದೆ ಅಂದೆ.
ನಾನೂ ಅಂದಿದ್ದೇನೆ ಮಾರಾಯ,
ಓದಲು ಬಾರದ ಕಾಗದದ ಮೇಲೆ,
ಹತ್ತೊಂಬತ್ತು ವರ್ಷದ ಹಿಂದೆ.

ಅವನ ಕಣ್ಣು ನನ್ನ ತಲೆಯ ಮೇಲಿನ ಗೋಡೆಗೆ ಹೋಯಿತು.
ಇಲ್ಲೇ ಹುಟ್ಟಿದವನು, ಶಾಲೆಯಲ್ಲಿ ಅರಬಿ ಕಲಿತವನು.
ಚೌಕಟ್ಟು ಹಾಕಿಸಿ ತೂಗಿಸಿದ್ದ ಲೈಸೆನ್ಸನ್ನು
ತುಟಿ ಅಲ್ಲಾಡಿಸುತ್ತ ಓದಿದ.

'ಇದರಲ್ಲಿ ನಿಮ್ಮ ಹೆಸರೇ ಇಲ್ಲ.'

ಕಫೀಲನದು ಅದು. ಕಪಾಟು ನನ್ನದು.
ಹಲಗೆಗೆ ಮೊಳೆ ಹೊಡೆದದ್ದು ನಾನು.

ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಎದ್ದು ಚೆಲ್ಲಿ ಬಂದೆ. ಇನ್ನೂ ನಿಂತೇ ಇದ್ದ.

ಚೀಟಿ ಹಿಂದಕ್ಕೆ ಕೊಟ್ಟರೆ ಕೈ ಚಾಚಲಿಲ್ಲ.
'ಇರಲಿ, ನೀವೇ ಆಡಿ. ಪಾಸ್‌ವರ್ಡ್ ಬದಲಿಸೋದಿಲ್ಲ.'

ಹಾಗೆ ಕೊಡುವಂತಿಲ್ಲವೋ, ಅಂದೆ.
ಇಷ್ಟು ವರ್ಷ ಮಾರಿದ್ದೇನೆ, ಒಂದನ್ನೂ ಆಡಿದವನಲ್ಲ, ಅಂದೆ.

ಷಟರಿನ ಕೆಳಗೆ ಬಗ್ಗಿದವನು, ಅರ್ಧ ಬೆಳಕಲ್ಲಿ
ಅರ್ಧ ಒಳಗೆ, ತಿರುಗಿ ಹೇಳಿದ:
'ಮೂರನೇದರಲ್ಲಿ, ಹೊಳೆ ದಾಟುವಲ್ಲಿ ನಿಲ್ಲಿಸಿದ್ದೇನೆ.
ಕುದುರೆ ಕಟ್ಟಿದೆ.
ಅದಕ್ಕೆ ಮೇವು ಹಾಕ್ಬೇಕು ಅಂಕಲ್, ಮರೀಬೇಡಿ.'