ಮೂರು ಬೆರಳಿನ ಹಾಳಿ

ನಮ್ಮದು ರದ್ದಿ ಅಂಗಡಿ, ಘಂಟಿಕೇರಿ ಓಣಿಯ ತುದಿ.
ಪೇಪರಿಗೊಂದು ರೇಟು, ಪುಸ್ತಕಕ್ಕೊಂದು, ರಟ್ಟಿಗೊಂದು.
ಮೂವತ್ತೊಂದು ವರ್ಷದಾಗ ಯಾರೂ ಕೇಳಿರಲಿಲ್ಲ
ಅಕಿ ಕೇಳಿದ್ದು:
‘ಕಾಕಾ, ಫ್ರೆಂಚ್ ಏನರ ಐತೇನ್ರಿ?
ಭಾಳ ಬಿರಸು ಬ್ಯಾಡ, ಭಾಳ ಮೆತ್ತಗೂ ಬ್ಯಾಡ.’

ರೊಟ್ಟಿ ಕೇಳಿದಂಗ ಕೇಳಿದ್ಲು.
ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ,
ಎದಿಮ್ಯಾಲ ಹೆಸರಿನ ಪಟ್ಟಿ: ನೀಲಗಂಗಾ ಹುಯಿಲಗೋಳ.
ಹುಬ್ಬಳ್ಳಿ–ಗದಗ ಗಾಡಿಯ ಕಂಡಕ್ಟರು.
ಯಾಕ ಕಲೀತೀಯವ್ವಾ, ಅಂದೆ.
‘ಬರೂದಿಲ್ಲಲ್ರಿ, ಅದಕ್ಕ.’

ತೀರಿಹೋದ ಪ್ರೊಫೆಸರೊಬ್ಬರ ಕಪಾಟಿನಿಂದ
ಬಂದಿತ್ತೊಂದು ದಪ್ಪ ಪುಸ್ತಕ, ಒಂದು ಕಿಲೋ ಇನ್ನೂರು.
ನಿಂತಲ್ಲೇ ತೆರೆದ್ಲು. ಓದತಾ ಓದತಾ
ಎಡಗೈಯ ಕಿರುಬೆರಳು ಮಡಚಿದ್ಲು, ಉಂಗುರದ್ದು, ನಡುವಿಂದು,
ಎರಡನೇ ಸಾಲಿಗೇ ಮುಷ್ಟಿ.
‘ಗೊತ್ತಿಲ್ಲದ ಶಬ್ದಕ್ಕೊಂದು ಬೆರಳು ಕಾಕಾ.
ಹಾಳಿ ಮುಗಿಯೂದ್ರಾಗ ಮುಷ್ಟಿ ಆತಂದ್ರ
ಆ ಪುಸ್ತಕ ನನ್ನ ಹೊಡೀತೈತಿ.’

ಮತ್ತೊಂದು ಹುಡುಗರದು, ತೆಳ್ಳಗ. ಹಾಳಿಗೊಂದು ಬೆಕ್ಕು,
ಬೆಕ್ಕಿನ ಕೆಳಗ ಬೆಕ್ಕಂತ ಬರದೈತಿ.
ಒಂದೂ ಬೆರಳು ಅಲಗಲಿಲ್ಲ.
‘ಇದು ಗಂಜಿ,’ ಅಂದ್ಲು. ‘ನನಗ ಹಲ್ಲು ಬಂದಾವು.’

ಅಂದಿನಿಂದ ನನಗೊಂದು ಹುಚ್ಚು.
ಆ ಭಾಷಾ ಓದಾಕ ಬರೂದಿಲ್ಲ, ಗುರುತು ಹತ್ತತೈತಿ:
ಕೆಲವು ಅಕ್ಷರಕ್ಕ ಸಣ್ಣ ಟೊಪ್ಪಿಗಿ,
ಕೆಲವಕ್ಕ ಕಿವಿಗೆ ಸಿಗಿಸಿದ ಬೀಡಿಯಂಗ ಓರೆ ಗೀರು,
ಒಂದಕ್ಕ ಮಾತ್ರ ಕೆಳಗ ಬಾಲ.
ಬಿಸ್ಕೀಟಿನ ಡಬ್ಬಿಯೊಂದು ಅದಕ್ಕಂತ ಬ್ಯಾರೆ ಇಟ್ಟೆ.
ಮಿಕ್ಸರಿನ ಕಾಗದ, ನೀರಿನ ಪಂಪಿನ ಕಾಗದ,
ಎಂಟೆಂಟು ಭಾಷಾದಾಗ ಅಚ್ಚಾಗಿದ್ದು.
ಒಮ್ಮೆ ಮೂರು ಹಾಳಿ ಪೋರ್ಚುಗೀಸು ಬಿದ್ದಿತ್ತು ಡಬ್ಬಿಗೆ.
ಅಕಿ ನಕ್ಕು ವಾಪಸು ಕೊಟ್ಲು,
ಖೊಟ್ಟಿ ರೂಪಾಯಿ ಕೊಟ್ಟಂಗ.

ಶಿರಗುಪ್ಪಿ ದಾಟಿ ಟಿಕೀಟು ಮುಗಿದ ಮ್ಯಾಲ
ಅಣ್ಣಿಗೇರಿ ಬರೂತನಾ ಓದ್ತಿದ್ಲಂತ.
‘ಪಂಪಿನ ಕಾಗದಕ್ಕ ಎರಡೇ ಬೆರಳು, ಆದ್ರ ಬರೇ ಹುಕುಂ.
ಕೈ ಒರಸಿಕೋ. ಗುಂಡಿ ಒತ್ತು. ಮಕ್ಕಳಿಂದ ದೂರ ಇಡು.
ನಾನೂ ದಿನಾ ಅದನ್ನ ಅಂತೀನಿ: ಮುಂದ ಸರೀರಿ, ಚಿಲ್ಲರ ಕೊಡ್ರಿ.
ಯಾರರ ಯಾರಿಗರ ಸಿಟ್ಟಾಗೂದು ಬೇಕ್ರಿ.
ಅಳೂದು. ಸುಳ್ಳು ಹೇಳೂದು.’

ಪರೀಕ್ಷಾ ಮುಗಿಯೂ ಹೊತ್ತಿಗೆ
ಧಾರವಾಡದಿಂದ ಒಂದು ಟೆಂಪೋ ರದ್ದಿ ಬಂತು.
ಅದರ ತಳದಾಗ, ಯಾವ ಕಾಲದ್ದೋ, ಒಂದು ವಹಿ.
ನೀಲಿ ಶಾಯಿ, ಮ್ಯಾಲ ಕೆಂಪು ಶಾಯಿ.
ಟೊಪ್ಪಿಗಿ ಮರೆತಲ್ಲೆಲ್ಲಾ ಯಾರೋ
ಕೆಂಪು ಟೊಪ್ಪಿಗಿ ತೊಡಿಸಿದ್ರು.

ಅಕಿ ಗೋಣಿಚೀಲದ ಮ್ಯಾಲ ಕುಂತು ಓದಿದ್ಲು,
ನನಗ ಕನ್ನಡ ಮಾಡಿ ಹೇಳಿದ್ಲು:
‘ನಮ್ಮ ಅತ್ತಿ ಬೆಟಗೇರಿಯಾಗ ಇರತಾಳ.
ಅಕಿ ಹತ್ರ ಒಂದು ಆಡು ಐತಿ.
ಆಡು ನನ್ನ ಗಣಿತದ ಪುಸ್ತಕ ತಿಂದೈತಿ.
ಮಾಸ್ತರು ನಂಬೂದಿಲ್ಲ. ನಾನು ಅಳೂದಿಲ್ಲ.
ಆಡು ಚಂದ ಐತಿ.’
ಕಿರುಬೆರಳು. ಉಂಗುರದ್ದು. ನಡುವಿಂದು.
ನಾನು ಉಸುರು ಹಿಡದು ಅಕಿ ಕೈ ನೋಡಾಕ್ಹತ್ತಿದ್ದೆ.
ಹಾಳಿ ಮುಗೀತು.
ತೋರುಬೆರಳು ನೆಟ್ಟಗ ಹಂಗ ನಿಂತಿತ್ತು.

ಬರದಾಕಿಯ ಹೆಸರಿದ್ದಲ್ಲಿ ಹುಳ ತಿಂದಿತ್ತು.
ತಕ್ಕಡಿಗೆ ಇಟ್ರ ಮುಳ್ಳು ಅಲಗಲಿಲ್ಲ.
ಇಷ್ಟು ಸಣ್ಣದು ತೂಗೂದಿಲ್ಲ, ಹೋಗವ್ವಾ, ಅಂದೆ.
ಹತ್ತು ರೂಪಾಯಿ ಇಟ್ಟು ಹೋದ್ಲು,
ಡ್ಯೂಟಿ ಚೀಲದ್ದಲ್ಲ, ತನ್ನ ಕಿಸೇದ್ದು.

ರಾತ್ರಿ ಬಾಗಲಾ ಹಾಕೂ ಮುಂದ
ಕೈಗೆ ಸಿಕ್ಕ ಕನ್ನಡ ಹಾಳಿಯೊಂದು ತಗೊಂಡೆ, ಕಾನೂನಿಂದು.
ನಾನು ಕಲಿತದ್ದು ಮೂರನೇತ್ತಾ ತನಾ, ಅದೂ ಉರ್ದು ಸಾಲಿ.
ಕಿರುಬೆರಳು, ಉಂಗುರದ್ದು…
ಮುಷ್ಟಿ ಬಿಗೀತು. ಕಟ್ಟಿಗೆ ಹಾಕಿದೆ.
ಮತ್ತೊಂದು ತಗೊಂಡೆ.

ಮೊನ್ನೆ ಗಾಡಿ ಹೊರಡೂಕಿಂತ ಮೊದಲ ಓಡಿ ಬಂದಿದ್ಲು.
‘ಆಡು ಮುಗೀತು ಕಾಕಾ. ಈಗೊಂದು ಕರ ನೋಡ್ರಿ.
ಎಮ್ಮಿ ಬ್ಯಾಡ, ಇಷ್ಟು ಲಗೂನ.’