ಮೈಕು ಬಂದ್

ರಾತ್ರಿ ಹತ್ತಕ್ಕ ಸಿಮೆಂಟ್ ಫ್ಯಾಕ್ಟರಿ ಸೈರನ್ನು
ವಾಡಿಗೆಲ್ಲ ಕೂಗಿ ಸುಮ್ಮಗಾದ ಮ್ಯಾಲ
ಮಷೀನಿಗೆ ಅರಿವಿ ಹೊಚ್ಚಿ, ಹುಕ್ಕಿನ ಡಬ್ಬಿ ಮುಚ್ಚಿ
ನಾ ಯುದ್ಧಕ್ಕ ಹೋಗ್ತೀನಿ.
ನಾಕು ಮಂದಿ ಒಂದು ತಂಡ.
ಮೂವರು ಒದರ್ತಾರ, ಒಬ್ಬ ಸುಮ್ಮ.
ಆ ಸುಮ್ಮ ಇದ್ದಂವ ನಾನು.

"ಅಣ್ಣಾ ಎಡಕ್ಕ! ಅಣ್ಣಾ ಗ್ವಾಡಿ ಹಿಂದ!"
ಅಂತಾನ ಅವರಾಗೊಬ್ಬ ಹುಡುಗ.
ಪರದೆ ಮ್ಯಾಲ ಅವನ ಹೆಸರು ತೊಗರಿ ಹುಲಿ,
ನನ್ನ ಹೆಸರು ಕತ್ರಿ.
ಕತ್ರಿ ಅಂದ್ರ ಅಣ್ಣನೇ ಇರಬೇಕಂತ ಅವರೇ ತಿಳಕೊಂಡ್ರು,
ನಾ ತಿದ್ದಲಿಲ್ಲ.
ಎರಡು ವರ್ಷದ ಹಿಂದ ಒಮ್ಮೆ ಮೈಕು ತಗದಿದ್ದೆ,
"ಬಲಕ್ಕ ಬರ್ರಿ" ಅಂದಿದ್ದೆ, ಅಷ್ಟೇ.
ಆಟ ನಿಂತು ನನ್ನ ದನಿಯೇ ಆಟ ಆಯ್ತು.
ಅವತ್ತಿನಿಂದ ಬಂದ್.

ಮೊನ್ನೆ ಅವ ಅಂದ:
"ಕತ್ರಿ ಅಣ್ಣಾ, ನೀ ನಮ್ಮ ಜೋಡಿ ಆಡ್ತಿ ಖರೆ,
ಆದ್ರ ಒಬ್ಬನೇ ಆಡ್ದಂಗ ಆಡ್ತಿ.
ಹಂಗಿದ್ರ ಒಬ್ಬನೇ ಆಡಬಾರದೇನು?"

ಕೇಳು ತಮ್ಮಾ, ನಿನಗ ಕೇಳಿಸದಂಗ ಹೇಳ್ತೀನಿ.

ಶಹಾಬಾದದಾಗ ನಮ್ಮ ಕಾಕಾನ ಮನಿ.
ಕೆಳಗ ಹಾಸುಗಲ್ಲು, ಮ್ಯಾಲೂ ಹಾಸುಗಲ್ಲು,
ಮೇ ತಿಂಗಳದಾಗ ಎರಡು ಹಂಚಿನ ನಡುವ ರೊಟ್ಟಿ ಆದಂಗ ಆಗ್ತಿದ್ದಿವಿ.
ಕಾಕಾ ಸೊಲ್ಲಾಪುರದಿಂದ ತಂದ ಕ್ಯಾಸೆಟ್ಟಿನ ಗೇಮು,
ನೆಟ್ಟಗಿದ್ದದ್ದು ಒಂದೇ ರಿಮೋಟು.
ಏಳು ಹುಡುಗೂರು, ತಲಿಗೆ ಒಂದು ಜೀವ.
ಸತ್ತವ ಎದ್ದು ಹಿಂದ ಕುಂಡರಬೇಕು.
ಮೊದಲನೇ ಪಾಳಿ ಯಾವಾಗ್ಲೂ ಮಲ್ಕಣ್ಣಂದು,
ಏಳನೇದು ನಂದು.
ಅದು ಬರೋದ್ರಾಗ ಕರೆಂಟು ಹೋಗ್ತಿತ್ತು,
ಇಲ್ಲಾ ಕಾಕು ನೀರಿಗೆ ಕರೀತಿದ್ದಳು.
ಕೂಡಿ ಆಡೋದು ಅಂದ್ರ ನನಗ
ಆರು ಬೆನ್ನು,
ಬೆನ್ನಿನ ಸಂದ್ಯಾಗ ಒಂದು ಚೂರು ಟಿವಿ.

ಸುಳ್ಳು ಹೇಳಬಾರದು ಆದ್ರೂ.
ಗೇಮಿನೊಳಗಿನ ಗಿಡ್ಡ ಮನಷ್ಯಾ ತಗ್ಗಿನಾಗ ಬಿದ್ರ
ಏಳೂ ಮಂದಿ ಒಮ್ಮೆಲೇ ಅಯ್ಯಯ್ಯೋ ಅಂತಿದ್ದಿವಿ.
ರಿಮೋಟು ಮುಟ್ಟದಿದ್ರೂ
ಆ ಅಯ್ಯೋದಾಗ ಏಳರಾಗ ಒಂದು ಪಾಲು ನಂದಿತ್ತು.

ಒಂದಿನ ಎಲ್ಲಾರೂ ಕಾಗಿಣಿಗೆ ಈಜ್ಲಾಕ ಹೋದ್ರು.
ಮಧ್ಯಾಹ್ನ ಎರಡು. ದನಿ ಪೂರಾ ಇಳಿಸಿ ಕುಂತೆ.
ಬೆನ್ನಿನ ಸಂದ್ಯಾಗ ಕಲಿತದ್ದೆಲ್ಲ ಬೆರಳಿಗೆ ಬಂತು.
ಎಂಟನೇ ಹಂತ ದಾಟಿದೆ, ಕ್ವಾಟಿ ಬಾಗಿಲ ತೆರೀತು,
ಮಲ್ಕಣ್ಣನೂ ನೋಡಿರದ ಬಾಗಿಲ!
ತಿರುಗಿ ನೋಡಿದ್ರ
ಒಂದು ಬೆಕ್ಕು. ಅದೂ ನಿದ್ದಿ ಹೊಡೀತಿತ್ತು.
ಮೊಳಿ ತೊಗೊಂಡು ಕಪಾಟಿನ ಹಿಂದ, ನೆಲದ ಕಲ್ಲಿನ ಮ್ಯಾಲ
ಅಂಕಿ ಕೊರದೆ.
ತೊಯ್ದ ಚಡ್ಡಿ ಹಿಂಡಿಕೋತ ಅವರು ಬಂದ್ರು, ನಾ ಹೇಳಲಿಲ್ಲ.
ಹೇಳಿದ್ರ ಮುಟ್ಟಿದ್ದು ಗೊತ್ತಾಗ್ತಿತ್ತು.
ಆ ಮನಿ ಮಾರಿದ್ರು. ಯಾರೋ ಮ್ಯಾಲ ಟೈಲ್ಸ್ ಹಾಕ್ಸ್ಯಾರಂತ.

ಹೋದ ಗುರುವಾರ ಆಟ ಮುಗೀಲಾಕ ಬಂದಿತ್ತು,
ಇಯರ್‌ಫೋನಿನಾಗ ರೈಲು ಕೂಗ್ತು.
ಹುಲಿಯ ಮನಿ ಹತ್ರ ಇರಬೇಕು, ಅದೆಲ್ಲಿದೋ.
ಮೂವತ್ತು ಎಣಿಸೋದ್ರಾಗ
ನನ್ನ ಕಿಟಕಿ ಗಾಜು ಝಣ ಅಂತು,
ಅದೇ ಕೂಗು, ಎರಡು ಉದ್ದ, ಒಂದು ಗಿಡ್ಡ.
ನಾಲವಾರ ಕಡಿಂದ ಬಂದ ಗಾಡಿ.
ಹಂಗಾದ್ರ ಅವ ಗೇಟಿನ ಆಚಿಗೇ ಇದ್ದಾನ.
ಯಾರಿಗೊತ್ತು, ಅವರವ್ವನ ಜಂಪರು
ನನ್ನ ಮಷೀನಿನ ಮ್ಯಾಲೇ ಇರಬಹುದು,
ತೋಳು ಹಚ್ಚೋದು ಬಾಕಿ.
ಬೆರಳು ನಿಂತುವು. ಸತ್ತೆ. ಅವ ಮನಸಾರೆ ಬೈದ.

ನಿನ್ನೆ ಶಹಾಬಾದ ಕಡಿಂದ ಗಾಡಿ ಬಂತು,
ಈ ಸಲ ಮೊದಲು ನನ್ನ ಕಿಟಕಿಗೆ.
ಮೈಕಿನ ಗುಂಡಿ ಒತ್ತಿದೆ.
ಬಾಯಿ ತೆರೀಲಿಲ್ಲ,
ಕಡೀ ಡಬ್ಬಿ ಹೋಗೋ ತನಕ ಫೋನು ಸರಳಿಗೆ ಹಿಡಿದೆ,
ಮತ್ತ ಬಂದ್ ಮಾಡಿದೆ.

ಆ ಕಡಿ ಯಾರೂ ಒದರಲಿಲ್ಲ.
ಗುಂಡು ಬೀಳ್ತಿದ್ರೂ ಅವನ ಸೈನಿಕ ಬಯಲಾಗ ಹಂಗೇ ನಿಂತ.
ಆಮ್ಯಾಲ ಅವನ ಕಡಿಂದ ಅದೇ ಕೂಗು,
ಎರಡು ಉದ್ದ, ಒಂದು ಗಿಡ್ಡ.

"ಅಣ್ಣಾ," ಅಂದ ಸಣ್ಣ ದನೀಲೆ,
"ಗಾಡಿ ಇವತ್ತು ಲೇಟ್ ಅದ, ಹೌದಿಲ್ಲೋ?"

ನನ್ನ ಸೈನಿಕ ಒಮ್ಮೆ ಕುಂತ,
ಒಮ್ಮೆ ಎದ್ದ.