ಷರಾ

ಮಂಗಳವಾರ ಸಂಜೆ ಏಳಕ್ಕೆ ಸಭೆ.
ಹಾಜರಿ ಐವರು. ಗೈರು ಯಾರೂ ಇಲ್ಲ.
ಮಿಷಿಗನ್ನಿನ ಉತ್ತರದ ತುದಿಯಲ್ಲಿ ಇದು ಏಪ್ರಿಲ್,
ಆದರೂ ಪುರಭವನದ ಮೆಟ್ಟಿಲ ಬದಿ ಹಿಮದ ಕೊಳಕು ಗುಡ್ಡೆ
ಇನ್ನೂ ಕೂತಿದೆ, ಸಾಲ ವಸೂಲಿಗೆ ಬಂದವನ ಹಾಗೆ.

ವಿಷಯ ಸಂಖ್ಯೆ ಆರು: ಶಾಫ್ಟ್ ಬೀದಿಯ ದುರಸ್ತಿ.

ಹತ್ತೊಂಬತ್ತು ವರ್ಷದಿಂದ ಈ ಊರಿನ ನಡಾವಳಿ ಬರೆಯುವವಳು ನಾನು.
ಶಾಫ್ಟ್ ಬೀದಿ ಆರನೆಯದಾಗಿಯೋ ಒಂಬತ್ತನೆಯದಾಗಿಯೋ
ಎಷ್ಟು ಸಲ ಬಂತು, ಎಷ್ಟು ಸಲ ಮುಂದಕ್ಕೆ ಹೋಯಿತು,
ನನ್ನ ಬೆರಳಿಗೆ ಗೊತ್ತು.
ತಾಮ್ರದ ಗಣಿ ಮುಚ್ಚಿ ಐವತ್ತು ವರ್ಷ.
ಕೆಳಗೆ ಸುರಂಗ, ಸುರಂಗದಲ್ಲಿ ನೀರು,
ಮೇಲೆ ಡಾಂಬರು, ಡಾಂಬರಿನ ಮೇಲೆ ತೇಪೆ,
ತೇಪೆಯ ಮೇಲೆ ಉಪ್ಪು.
ಚಳಿಗಾಲಕ್ಕೆ ನೆಲ ಉಬ್ಬುತ್ತದೆ, ವಸಂತಕ್ಕೆ ಕುಸಿಯುತ್ತದೆ,
ನಿದ್ದೆಯಲ್ಲಿರುವವರ ಎದೆಯಂತೆ, ಬಲು ನಿಧಾನ.

ಮೂರು ಲಕೋಟೆ. ಅರಗಿನ ಮೊಹರಿಲ್ಲ ಈಗ, ಬರೀ ಅಂಟು.
ಅಧ್ಯಕ್ಷೆ ವರ್ನಾ ಟ್ರೆವಾರೋ ಕತ್ತರಿ ಕೇಳಿದರು, ಕೊಟ್ಟೆ.
ಮೊದಲನೆಯದು ದೊಡ್ಡ ಕಂಪನಿ, ದೊಡ್ಡ ಮೊತ್ತ, ಬಣ್ಣದ ಚಿತ್ರ.
ಎರಡನೆಯದಕ್ಕೆ ಸಹಿ ಹಾಕುವುದು ಮರೆತಿದ್ದರು: ತಿರಸ್ಕೃತ.
ಮೂರನೆಯದು ‘ಪೆಲ್ಟೋಲಾ ಮತ್ತು ಮಗಳು’,
ಎಂಟು ಲಕ್ಷ ಹನ್ನೆರಡು ಸಾವಿರದ ನಾನೂರು ಡಾಲರು,
ಎಲ್ಲಕ್ಕಿಂತ ಕಡಿಮೆ.
ಅಪ್ಪ ತೀರಿಕೊಂಡು ಎರಡು ವರ್ಷವಾಯಿತು, ಫಲಕ ಬದಲಿಸಿಲ್ಲ.
ಮಗಳು ಹಿಂದಿನ ಸಾಲಲ್ಲಿ, ಬೂಟಿನ ಕೆಸರು
ನೆಲಕ್ಕೆ ತಾಗದಂತೆ ಕಾಲೆತ್ತಿ ಕೂತಿದ್ದಳು.

“ಖಾತರಿ ಎಷ್ಟು?”
“ಎರಡು ಚಳಿಗಾಲ.”
“ಮೂರನೆಯದು?”
“ಅದು ಗಣಿಯ ಲೆಕ್ಕ,” ಅಂದಳು. ಯಾರೋ ನಕ್ಕರು.
ನಗು ನಡಾವಳಿಯಲ್ಲಿ ಬರುವುದಿಲ್ಲ.

ಸಾರ್ವಜನಿಕರಿಗೆ ತಲಾ ಮೂರು ನಿಮಿಷ.
ನಾನೂರ ಹನ್ನೆರಡನೇ ಮನೆಯ ಆರ್ವೋ ಲಂಪಿನೆನ್
ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತರು.
ಇವರೂ ಬೈಯುತ್ತಾರೆ, ಕಾರು ರಿಪೇರಿಯ ರಸೀದಿ ತೆಗೆಯುತ್ತಾರೆ ಎಂದು
ಪೆನ್ನು ಹಿಡಿದು ಕಾದೆ.

“ರಸ್ತೆ ಮಾಡಿ, ಒಳ್ಳೆಯದು.
ನಮ್ಮ ಮನೆ ಮುಂದಿನ ಗುಂಡಿ ಒಂದು ಬಿಡಿ.
ಎಲ್ಮಾಗೆ ಕಣ್ಣು ಹೋಗಿ ನಾಲ್ಕು ವರ್ಷ.
ಗುಂಡಿಗೆ ಗಾಲಿ ಬಿದ್ದ ಸದ್ದಿನಲ್ಲೇ ಹೇಳುತ್ತಾಳೆ:
ಇದು ಟಪಾಲಿನವನು, ಇದು ನರ್ಸಿನ ಕಾರು,
ಇದು ರಿಸ್ತೋ, ಕುಡಿದು ಮನೆಗೆ ಹೊರಟಿದ್ದಾನೆ.
ನುಣ್ಣಗೆ ಮಾಡಿಬಿಟ್ಟರೆ
ಅವಳಿಗೆ ಬೀದಿಯೇ ಇರುವುದಿಲ್ಲ.”

ಒಂದು ನಿಮಿಷ ಹತ್ತು ಸೆಕೆಂಡು.
ಉಳಿದದ್ದನ್ನು ಹಾಗೇ ಬಿಟ್ಟು ಕೂತರು.

ಇಂಜಿನಿಯರ್ ಪುಟ ತಿರುವಿದ.
ಚದರ ಗಜಕ್ಕೆ ದರ ಇದೆ, ಕೊಳವೆಗೆ, ಮುಚ್ಚಳಕ್ಕೆ,
ಅಂಚಿಗೆ ಎರಚುವ ಹುಲ್ಲಿನ ಬೀಜಕ್ಕೂ ಇದೆ;
ಮುಚ್ಚದೆ ಬಿಟ್ಟ ಗುಂಡಿಗೆ ಬಾಬತ್ತು ಇಲ್ಲ.
ಪರ ಐದು, ವಿರುದ್ಧ ಸೊನ್ನೆ. ಗುತ್ತಿಗೆ ಪೆಲ್ಟೋಲಾಗೆ.
ಆರ್ವೋ ಕೂಡ ಚಪ್ಪಾಳೆ ತಟ್ಟಿದರು;
ಯಾಕೆಂದು ನನಗೆ ಈಗಲೂ ತಿಳಿಯದು.

ಅಕ್ಟೋಬರ್. ಬೀದಿ ಹೊಸ ಕಾವಲಿಯಂತೆ ಕಪ್ಪು.
ಕೊನೆಯ ಬಿಲ್ಲಿಗೆ ಮುಂಚೆ ತಪಾಸಣೆ:
ಇಂಜಿನಿಯರ್ ಅಳೆಯುವುದು, ನಾನು ಬರೆದುಕೊಳ್ಳುವುದು.
ನಾನೂರ ಹನ್ನೆರಡರ ಎದುರು ನೀರಿನ ವಾಲ್ವಿನ ಮುಚ್ಚಳ
ಮುಕ್ಕಾಲು ಇಂಚು ತಗ್ಗಿ ಕೂತಿದೆ.
ಉಳಿದ ಮೂವತ್ತೊಂದೂ ಹಲಗೆ ಹೊಡೆದಂತೆ ಸಮ.
ಇಂಜಿನಿಯರ್ ಪೆಲ್ಟೋಲಾಳ ಮುಖ ನೋಡಿದ.
ಅವಳು ಸರೋವರದ ಕಡೆಯ ಮೋಡ ನೋಡುತ್ತಿದ್ದಳು.
“ಕುಸಿದಿರಬೇಕು,” ಅಂದಳು. “ಗಣಿಯ ಊರು.”

ಅಷ್ಟರಲ್ಲಿ ಟಪಾಲಿನ ಗಾಡಿ ಬಂತು. ಟಕ್.
ಕಿಟಕಿಯ ಒಳಗೆ ಯಾರೋ ಏನೋ ಅಂದರು,
ಫಿನ್ನಿಷ್‌ನಲ್ಲಿ. ನನಗೆ ಆ ಭಾಷೆ ಬಾರದು.

ನಮೂನೆಯಲ್ಲಿ ಕೊನೆಯ ಕಲಂ, ಷರಾ.
“ಏನು ಬರೆಯಲಿ?” ಅಂದೆ.
ಇಂಜಿನಿಯರ್ ಕೈಗವಸು ಏರಿಸಿಕೊಂಡು
ಕಾರಿನ ಕಡೆ ನಡೆದಾಗಿತ್ತು.

ಚಳಿಗೆ ಪೆನ್ನು ಹತ್ತಲಿಲ್ಲ.
ಕೇಳಿದವರಿಗೆ ಹಾಗಂತ ಹೇಳುತ್ತೇನೆ.